ಕಡಲೂ ಹಿಮವೂ ಎರಡೂ ಬೇಕೆಂದರೆ

ಮಾನ್ಯರೇ,

ಒಂದೇ ದಿನ ಸರ್ಫಿಂಗ್, ಸ್ಕೀಯಿಂಗ್ ಎರಡೂ ಸಿಗುವ ನೈರುತ್ಯ ಫ್ರಾನ್ಸ್ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಸುಳ್ಳೇನಲ್ಲ. ಆದರೆ ಅಲ್ಲಿ ರಜೆಯ ಮನೆ ಕೊಳ್ಳುವವರಿಗೆ ಒಂದೆರಡು ಮಾತು ಹೇಳಬೇಕು. ನಾನು ಸುರತ್ಕಲ್‌ನವಳು, ಈಗಿರುವುದು ಟುಲೂಸ್‌ನಲ್ಲಿ. ಮಗನಿಗೆ ಅಲೆಯ ಹುಚ್ಚು, ಯಜಮಾನರಿಗೆ ಹಿಮದ ಹುಚ್ಚು.

ಎಲ್ಲರ ಕಣ್ಣೂ ಬಿಯಾರಿಟ್ಜ್ ಮೇಲೆ. 1957ರಿಂದ ಸರ್ಫಿಂಗ್ ಇರುವ ಊರು, ಬೆಲೆಯೂ ಅಷ್ಟೇ ದುಬಾರಿ! ನನ್ನ ಕೇಳಿದರೆ ಪೋ ಪಟ್ಟಣದ ಆಸುಪಾಸು ನೋಡಿ. ಗುರೆಟ್ ಸ್ಕೀ ತಾಣ ಸುಮಾರು 50 ಕಿ.ಮೀ., ಬಿಯಾರಿಟ್ಜ್ ಕಡಲು ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ಅಲೆಗೆ ಸೆಪ್ಟೆಂಬರ್, ಅಕ್ಟೋಬರ್ ಚೆಂದ; ಹಿಮ ಡಿಸೆಂಬರ್ ನಂತರ. ಹಾಗಾಗಿ ಎರಡನ್ನೂ ಒಂದೇ ದಿನ ಮಾಡುವುದು ಸುಮ್ನೆ ಫೋಟೊಗೆ, ಅಲ್ವಾ?

ಖರ್ಚನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳೇ ಮನೆಯಾದರೆ ನೋಂದಣಿ, ತೆರಿಗೆ ಎಂದು ಬೆಲೆಯ ಮೇಲೆ ಶೇ 7-8 ಹೋಗುತ್ತದೆ. ವಾಸದ ಮನೆಗೆ 2023ರಿಂದ ಇಲ್ಲದ ನಿವಾಸ ತೆರಿಗೆ ಎರಡನೇ ಮನೆಗೆ ಈಗಲೂ ಇದೆ. ಬೇಡಿಕೆ ಜಾಸ್ತಿ ಇರುವ ಊರುಗಳಲ್ಲಿ ಅದರ ಮೇಲೆ ಶೇ 60ರವರೆಗೂ ಹೇರಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೆಟ್ಟದ ರಸ್ತೆಗೆ ಚಳಿಗಾಲದ ಟೈರ್ ಅಥವಾ ಚಕ್ರಕ್ಕೆ ಸುತ್ತುವ ಚೈನು ಕಡ್ಡಾಯ.

ಮನೆ ನೋಡಲು ಬೇಸಿಗೆಯಲ್ಲಿ ಹೋಗಬೇಡಿ. ಫೆಬ್ರವರಿಯ ಮಳೆಯಲ್ಲಿ ಹೋಗಿ, ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡಿ. ಒದ್ದೆ ವೆಟ್‌ಸೂಟ್ (ಸರ್ಫಿಂಗ್ ಉಡುಪು) ನೇತುಹಾಕಲು ಜಾಗ ಇದೆಯೇ ಎಂದೂ ಕೇಳಿ.

– ಒಬ್ಬ ಓದುಗರು, ಟುಲೂಸ್, ಫ್ರಾನ್ಸ್