ಜಗಲಿಯ ದೀಪ ಆರಿಸಬೇಡಿ

ನಮಸ್ಕಾರ. ರಾತ್ರಿ ಹನ್ನೊಂದೂವರೆ ಆಗಿದೆ, ಅಮೆರಿಕದ ನಮ್ಮ ಕನ್ನಡ ಬಳಗದ ಸುದ್ದಿಪತ್ರ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಅಡುಗೆಮನೆ ಮೇಜಿನ ಮೇಲೆ ಅರ್ಧ ಕೊರೆದ ಕುಂಬಳಕಾಯಿ. ಪಕ್ಕದಲ್ಲಿ ಹಳೇ ಪೇಪರಿನ ಮೇಲೆ ಅದರ ಬೀಜ ಒಣಗುತ್ತಿದೆ.

ಕಳೆದ ವರ್ಷ ಅಕ್ಟೋಬರ್ 31ರ ಸಂಜೆ ನಾವು ಹೊರಗಿನ ಲೈಟ್ ಆರಿಸಿ ಒಳಗೆ ಕೂತಿದ್ದೆವು. ಇಬ್ಬರಿಗೂ ಆಫೀಸಿನ ಸುಸ್ತು, ಕ್ಯಾಂಡಿ ತರುವುದೂ ಮರೆತಿತ್ತು. ಅವತ್ತು ಹ್ಯಾಲೋವೀನ್ ಹಬ್ಬ, ವೇಷ ಹಾಕಿದ ಮಕ್ಕಳು ಕ್ಯಾಂಡಿಗಾಗಿ ಮನೆಮನೆಗೆ ಬರುತ್ತಾರೆ, ಲೈಟ್ ಆರಿರುವ ಮನೆಗೆ ಮಾತ್ರ ಬರುವುದಿಲ್ಲ. ಮಗಳು ಪರದೆ ಸರಿಸಿ ಬೀದಿ ನೋಡುತ್ತಿದ್ದವಳು, "ಅಮ್ಮಾ, ಎಲ್ಲರೂ ನಮ್ಮನೆ ಬಿಟ್ಟು ಹೋಗ್ತಿದ್ದಾರೆ" ಅಂದಳು. ಒಂದು ವರ್ಷವಾದರೂ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ದೀಪಾವಳಿಯ ಬಲಿಪಾಡ್ಯಮಿ ರಾತ್ರಿ ಅಂಟಿಗೆ ಪಂಟಿಗೆಯವರು ಬರುತ್ತಾರೆ ಅಂತ ನಮಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ನಮ್ಮದು ತೋಟದ ಆಚೆಗಿನ ಒಂಟಿ ಮನೆ. ಮೊದಲು ನಾಯಿ ಬೊಗಳುವುದು. ಆಮೇಲೆ ಗದ್ದೆ ಅಂಚಿನಲ್ಲಿ ಒಂದು ಸಣ್ಣ ಬೆಳಕು. ಹತ್ತಿರ ಬಂದ ಹಾಗೆ ಹಾಡು. ಕಂಬಳಿ ಹೊದ್ದ ಎಂಟು ಹತ್ತು ಜನ, ಒಬ್ಬರ ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಅಡ್ಡ ಹಿಡಿದ ಅಂಗೈ. ಅಜ್ಜಿ ಅವರ ದೀಪದಿಂದ ನಮ್ಮ ಹಣತೆ ಹಚ್ಚಿಕೊಂಡು, ಅವರ ದೀಪಕ್ಕೆ ಎಣ್ಣೆ ಎರೆಯುತ್ತಿದ್ದರು. ಮೊರದಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದಿಷ್ಟು ದುಡ್ಡು. ಒಂದು ವರ್ಷ ಮಳೆ ಹಿಡಿದು, ಅವರು ಬರುವಾಗ ಮೂರು ಗಂಟೆ. ನಾವೆಲ್ಲ ಮಲಗಿಬಿಟ್ಟಿದ್ದೆವು. ಅಜ್ಜಿ ಮಾತ್ರ ಒಲೆ ಕೆಂಡದ ಪಕ್ಕ ಕಾಫಿ ಬೆಚ್ಚಗಿಟ್ಟುಕೊಂಡು ಕೂತೇ ಇದ್ದರು. "ಬಾಗಿಲಿಗೆ ಬಂದ ದೀಪ ಹಾಗೇ ವಾಪಸ್ ಹೋಗಬಾರದು ಕಣೇ" ಅಂದಿದ್ದರು.

ಆ ಹಬ್ಬ ಬೇರೆ, ಈ ಹಬ್ಬ ಬೇರೆ, ಗೊತ್ತು. ಆದರೆ ಇದನ್ನೂ ಊರು ಬಿಟ್ಟು ಬಂದವರೇ ಹೊತ್ತು ತಂದದ್ದು. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಇಲ್ಲಿ ದಂಡಿಯಾಗಿ ಸಿಗುತ್ತಿದ್ದುದು ಕುಂಬಳಕಾಯಿ. ಅದನ್ನೇ ಕೊರೆದರು. ಮಾವಿನ ಸೊಪ್ಪು ಸಿಗದೆ ನಾವು ಬಟ್ಟೆಯ ತೋರಣ ಕಟ್ಟುತ್ತೇವಲ್ಲ, ಹಾಗೇ.

ಈ ಸಲ ಮನೆ ಸಿಂಗರಿಸುವವರಿಗೆ ಒಂದೆರಡು ಮಾತು. ಕಾಯಿಯನ್ನು ಎರಡು ಮೂರು ದಿನ ಮೊದಲಷ್ಟೇ ಕೊರೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಓರೆಯಾಗಿ ಕೊಯ್ಯಿರಿ, ನೇರ ಕೊಯ್ದರೆ ಒಳಗೆ ಬೀಳುತ್ತದೆ. ಮಕ್ಕಳ ಉದ್ದನೆಯ ವೇಷ ತಾಗೀತು, ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಸಾಕು. ಕೊರೆಯುವ ದೊಡ್ಡ ಕಾಯಿ ಬರೀ ನೀರು. ಅಡುಗೆಗೆ ಚಿಕ್ಕ ಸಿಹಿಕಾಯಿ ತನ್ನಿ. ಮನೆಯ ಕೊಬ್ಬರಿ ಮಿಠಾಯಿ ಒಳಗೆ ಬಂದ ಸ್ನೇಹಿತರಿಗಿರಲಿ, ಬಾಗಿಲಲ್ಲಿ ಪ್ಯಾಕೆಟ್ ಮಾಡಿದ್ದನ್ನೇ ಕೊಡಿ. ಶೇಂಗಾ, ಗೋಡಂಬಿ ಆಗದ ಮಕ್ಕಳೂ ಬರುತ್ತಾರೆ. ಅವರಿಗಾಗಿ ಪೆನ್ಸಿಲ್, ಸ್ಟಿಕರ್ ಬೇರೆ ಬಟ್ಟಲಲ್ಲಿಟ್ಟು, ಜಗಲಿಯಲ್ಲಿ ಹಸಿರುನೀಲಿ ಬಣ್ಣ ಬಳಿದ ಒಂದು ಕುಂಬಳಕಾಯಿ ಇಡಿ. ಈ ಮನೆಯಲ್ಲಿ ತಿನಿಸಲ್ಲದ ಉಡುಗೊರೆಯೂ ಇದೆ ಅಂತ ಅದರ ಅರ್ಥ, ಇಲ್ಲಿನ ತಾಯಂದಿರಿಗೆ ಗೊತ್ತಾಗುತ್ತದೆ.

ಮರುದಿನವೇ ನವೆಂಬರ್ 1, ಅಲ್ವಾ. ಕುಂಬಳಕಾಯಿ ಪಕ್ಕದಲ್ಲೇ ಹಳದಿ ಕೆಂಪು ಬಾವುಟ ಕಟ್ಟಿ. ನಮ್ಮ ರಾಜ್ಯೋತ್ಸವ ಕಾರ್ಯಕ್ರಮ ನವೆಂಬರ್ ಎರಡನೇ ಶನಿವಾರ ಸಂಜೆ 4ಕ್ಕೆ, ಎಂದಿನ ಶಾಲೆಯ ಹಾಲ್‌ನಲ್ಲಿ. ನಾಟಕದ ಮಕ್ಕಳು 3ಕ್ಕೇ ಬರಬೇಕು. ಪುಳಿಯೋಗರೆಗೆ ಜನ ಸಿಕ್ಕಿದ್ದಾರೆ, ಮೊಸರನ್ನಕ್ಕೆ ಇನ್ನಿಬ್ಬರು ಬೇಕು. ಮರುದಿನ ಭಾನುವಾರ ಕನ್ನಡ ತರಗತಿ ಇಲ್ಲ. ಸದಸ್ಯತ್ವದ ಹಣ ಡಿಸೆಂಬರ್ ಒಳಗೆ ಕಟ್ಟಿ.

ಇನ್ನೊಂದು. ಪುಟ ಜೋಡಿಸಿಕೊಡುತ್ತಿದ್ದ ದಂಪತಿ ಬೇರೆ ಊರಿಗೆ ಹೋದರು. ಎರಡು ಸಂಚಿಕೆ ಒಬ್ಬಳೇ ಮಾಡಿದ್ದೇನೆ. ಸಂಕ್ರಾಂತಿ ಸಂಚಿಕೆ ಒಬ್ಬಳ ಕೈಲಿ ಆಗುವುದಿಲ್ಲ. ಕನ್ನಡ ಟೈಪಿಂಗ್ ಬರುವವರು ತಿಂಗಳಿಗೆ ಎರಡು ಸಂಜೆ ಕೊಡಿ, ದಯವಿಟ್ಟು.

ಈ ಸಲ ಐದೂವರೆಗೇ ನಮ್ಮನೆ ಲೈಟ್ ಹಾಕುತ್ತೇವೆ. ಮಗಳು ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳಂತೆ. ಆ ಕಡೆ ಬಂದರೆ ಒಳಗೂ ಬನ್ನಿ. ಚೀನಿಕಾಯಿ (ಸಿಹಿಗುಂಬಳ) ಕಡುಬು ಮಾಡಿರುತ್ತೇನೆ, ಬಾಳೆ ಎಲೆ ಸಿಗದಿದ್ದರೆ ಇಡ್ಲಿ ತಟ್ಟೆಯಲ್ಲಿ.