ಆನ್‌ಲೈನ್ ಮಾರುಕಟ್ಟೆಯಲ್ಲಿ ಬಿದ್ರಿಯ ಹೆಸರಿಗೆ ಕಾವಲು ಬೇಕು

ಸಂಪಾದಕರಿಗೆ,

ವಿಷಯ: ಡಿಜಿಟಲ್ ವ್ಯಾಪಾರದ ನಿಯಮಗಳು ಮತ್ತು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬಿದ್ರಿ ಕಲೆಯ ರಕ್ಷಣೆ

ಮಾನ್ಯರೇ,

ಭಾರತವು 2022ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಗೆ ಮತ್ತು 2025ರ ಜುಲೈನಲ್ಲಿ ಬ್ರಿಟನ್ ಜೊತೆಗೆ ಸಹಿ ಹಾಕಿದ ವ್ಯಾಪಾರ ಒಪ್ಪಂದಗಳಲ್ಲಿ ಡಿಜಿಟಲ್ ವ್ಯಾಪಾರಕ್ಕೂ ಬೌದ್ಧಿಕ ಆಸ್ತಿ ಹಕ್ಕುಗಳಿಗೂ ಪ್ರತ್ಯೇಕ ಅಧ್ಯಾಯಗಳಿವೆ. ಇಂಥ ಒಪ್ಪಂದಗಳ ಸುದ್ದಿ ಬಂದಾಗ ಕಾರು, ವಿಸ್ಕಿ, ಸಾಫ್ಟ್‌ವೇರ್ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಲೋಹದ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಬಿದ್ರಿ ಕುಶಲಕರ್ಮಿಗಳ ಸಂಪಾದನೆಗೂ ಈ ಅಧ್ಯಾಯಗಳಿಗೂ ನೇರ ಸಂಬಂಧವಿದೆ ಎಂಬುದನ್ನು ಯಾರೂ ಎತ್ತಿ ಹೇಳಿದ್ದು ಕಾಣಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬಿದ್ರಿ ಕೆಲಸ ಮಾಡುವ ಕೆಲವು ಕುಟುಂಬಗಳ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವರಲ್ಲಿ ಒಬ್ಬರು ತಾವು ತಯಾರಿಸಿದ ಹೂದಾನಿಯ ಚಿತ್ರವನ್ನು ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿ ಹಾಕಿದ್ದರು. ಕೆಲವೇ ವಾರಗಳಲ್ಲಿ ಅದೇ ಚಿತ್ರ ಅದೇ ತಾಣದಲ್ಲಿ ಇನ್ನೊಬ್ಬ ಮಾರಾಟಗಾರನ ಹೆಸರಿನಲ್ಲಿ ಕಾಣಿಸಿಕೊಂಡಿತು. ಬೆಲೆ ಅರ್ಧಕ್ಕಿಂತಲೂ ಕಡಿಮೆ. ಪರೀಕ್ಷೆಗೆಂದು ತರಿಸಿ ನೋಡಿದರೆ, ಬಂದ ವಸ್ತುವಿನಲ್ಲಿ ಬೆಳ್ಳಿಯೇ ಇರಲಿಲ್ಲ. ಅಚ್ಚಿನಲ್ಲಿ ಹೊಯ್ದ ಲೋಹಕ್ಕೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಬೆಳ್ಳಿ ಬಣ್ಣದ ಗೆರೆಗಳನ್ನು ಎಳೆಯಲಾಗಿತ್ತು. ನಿಜವಾದ ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಎರಕದ ಮೇಲೆ ಕೈಯಿಂದಲೇ ಚಿತ್ತಾರ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ವ್ಯತ್ಯಾಸ ಕೈಯಲ್ಲಿ ಹಿಡಿದು ನೋಡಿದವರಿಗೆ ಒಡನೆಯೇ ತಿಳಿಯುತ್ತದೆ, ಮೊಬೈಲಿನ ಪರದೆಯಲ್ಲಿ ತಿಳಿಯುವುದಿಲ್ಲ.

ನಾವು ಆ ತಾಣಕ್ಕೆ ದೂರು ಕೊಟ್ಟೆವು. ಚಿತ್ರ ಕದ್ದಿದ್ದಾರೆ ಎಂಬ ದೂರಿಗೆ ಬೇಗ ಪರಿಹಾರ ಸಿಕ್ಕಿತು, ಏಕೆಂದರೆ ಚಿತ್ರಕ್ಕೆ ಕೃತಿಸ್ವಾಮ್ಯವಿದೆ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ, ಸರಿಯಾದ ದೂರು ಬಂದ 36 ಗಂಟೆಗಳೊಳಗೆ ತಾಣದವರು ಅಂಥ ವಿಷಯ ಜನರಿಗೆ ಸಿಗದಂತೆ ಮಾಡಬೇಕು ಮತ್ತು ನ್ಯಾಯಾಲಯದ ಆದೇಶ ತರಲು ದೂರುದಾರರಿಗೆ 21 ದಿನಗಳ ಅವಕಾಶ ಇರುತ್ತದೆ. ಆದರೆ ಚಿತ್ರ ಇಳಿದ ಮೇಲೆ ಆ ಮಾರಾಟಗಾರ ತನ್ನದೇ ವಸ್ತುವಿನ ಬೇರೆ ಚಿತ್ರ ಹಾಕಿ, ‘ಬಿದ್ರಿ’ ಎಂಬ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡ. ಹೆಸರಿನ ಬಗ್ಗೆ ಎರಡನೆಯ ದೂರು ಕೊಟ್ಟಾಗ, ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಲಗತ್ತಿಸಿ ಎಂಬ ಉತ್ತರ ಬಂತು. ಬಿದ್ರಿಗೆ ಇರುವುದು ಟ್ರೇಡ್‌ಮಾರ್ಕ್ ಅಲ್ಲ, ಭೌಗೋಳಿಕ ಸೂಚಕ, ಅಂದರೆ ಒಂದು ಊರಿನ ವಿಶಿಷ್ಟ ವಸ್ತುವಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ. ಅದೂ ಒಬ್ಬ ಕುಶಲಕರ್ಮಿಯ ಹೆಸರಿನಲ್ಲಿ ಇರುವಂಥದ್ದಲ್ಲ. ಇದನ್ನು ವಿವರಿಸಿ ಬರೆದ ಮೇಲೆ ದೂರು ಮುಕ್ತಾಯಗೊಂಡಿದೆ ಎಂಬ ಸಂದೇಶ ಬಂತೇ ಹೊರತು ಆ ವಸ್ತುವಿನ ಮಾರಾಟ ನಿಲ್ಲಲಿಲ್ಲ. ಒಂದು ವಸ್ತುವಿನ ಫೋಟೊಗೆ ಸಿಗುವ ರಕ್ಷಣೆ ಶತಮಾನಗಳಿಂದ ಒಂದು ಊರು ಉಳಿಸಿಕೊಂಡು ಬಂದ ಕಲೆಯ ಹೆಸರಿಗೆ ಸಿಗುವುದಿಲ್ಲ ಎಂಬುದು ನನ್ನ ಮಟ್ಟಿಗೆ ಸಹಿಸಲಾಗದ ಸಂಗತಿ.

ಕಾನೂನು ಇಲ್ಲ ಎಂದು ನಾನು ಹೇಳುತ್ತಿಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮೊದಲ ಕೆಲವು ವರ್ಷಗಳಲ್ಲಿಯೇ ಬಿದ್ರಿಗೆ ನೋಂದಣಿ ದೊರೆಯಿತು. ಸುಳ್ಳು ಸೂಚಕ ಬಳಸಿದವರಿಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನೂ ಆ ಕಾಯ್ದೆ ವಿಧಿಸುತ್ತದೆ. ಕೊರತೆ ಇರುವುದು, ಆ ಹಕ್ಕನ್ನು ಚಲಾಯಿಸುವ ಶಕ್ತಿ ಯಾರ ಕೈಯಲ್ಲಿದೆ ಎಂಬಲ್ಲಿ. ಈ ಪ್ರಶ್ನೆ ಬೀದರಿಗೆ ಮಾತ್ರ ಸೀಮಿತವಲ್ಲ. ಒಂದು ಇಡೀ ದೇಶವೇ ಇದೇ ಪ್ರಶ್ನೆಯ ಮುಂದೆ ಸೋತು ನಿಂತ ಉದಾಹರಣೆ ಇದೆ, ಮತ್ತು ಅದನ್ನು ನಮ್ಮ ಭಾಗದ ಜನ ತಿಳಿಯಬೇಕು.

ಕೆರಿಬಿಯನ್ ಸಮುದ್ರದ ಆಂಟಿಗುವಾ ಮತ್ತು ಬಾರ್ಬುಡಾ ಎಂಬ ದ್ವೀಪರಾಷ್ಟ್ರದ ಜನಸಂಖ್ಯೆ ಸುಮಾರು ಒಂದು ಲಕ್ಷ, ಅಂದರೆ ಬೀದರ್ ನಗರಕ್ಕಿಂತಲೂ ಕಡಿಮೆ. ಪ್ರವಾಸೋದ್ಯಮವೊಂದನ್ನೇ ನೆಚ್ಚಿಕೊಂಡಿರಲಾಗದೆ ಆ ದೇಶ 1990ರ ದಶಕದಲ್ಲಿ ಇಂಟರ್ನೆಟ್ ಮೂಲಕ ಬಾಜಿ ಆಡಿಸುವ ಉದ್ಯಮವನ್ನು ಬೆಳೆಸಿತು. (ಜೂಜು ಒಳ್ಳೆಯದೋ ಕೆಟ್ಟದೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ, ನನಗೆ ಅದರ ಬಗ್ಗೆ ಒಲವಿಲ್ಲ.) ಅಮೆರಿಕ ತನ್ನ ಕಾನೂನುಗಳ ಬಲದಿಂದ ಈ ಸೇವೆಯನ್ನು ತಡೆಯಿತು, ಆದರೆ ತನ್ನದೇ ಕಂಪನಿಗಳು ದೂರದಿಂದ ಕುದುರೆ ಪಂದ್ಯದ ಬಾಜಿ ಕಟ್ಟಿಸಿಕೊಳ್ಳಲು ಅದೇ ಕಾನೂನುಗಳಲ್ಲಿ ದಾರಿ ಇತ್ತು. 2003ರಲ್ಲಿ ಆಂಟಿಗುವಾ ವಿಶ್ವ ವ್ಯಾಪಾರ ಸಂಘಟನೆಗೆ ದೂರು ನೀಡಿತು. 2005ರಲ್ಲಿ ಸಂಘಟನೆಯ ಮೇಲ್ಮನವಿ ಮಂಡಳಿ, ಈ ತಾರತಮ್ಯದ ವಿಷಯದಲ್ಲಿ ಅಮೆರಿಕ ತನ್ನನ್ನು ಸಮರ್ಥಿಸಿಕೊಂಡಿಲ್ಲ ಎಂದು ತೀರ್ಪಿತ್ತಿತು. ಆದರೂ ಅಮೆರಿಕ ತನ್ನ ಕಾನೂನನ್ನು ಬದಲಿಸಲಿಲ್ಲ.

ತೀರ್ಪು ಪಾಲಿಸದ ದೇಶದ ಸರಕುಗಳ ಮೇಲೆ ಸುಂಕ ಏರಿಸುವುದು ಇಂಥ ಸಂದರ್ಭದಲ್ಲಿ ರೂಢಿಯಲ್ಲಿರುವ ಕ್ರಮ. ಆದರೆ ಬಹುಪಾಲು ಸಾಮಾನನ್ನು ಹೊರಗಿನಿಂದಲೇ ತರಿಸಿಕೊಳ್ಳುವ ಪುಟ್ಟ ದೇಶ ಅಮೆರಿಕದ ಸರಕಿಗೆ ಸುಂಕ ಏರಿಸಿದರೆ ಪೆಟ್ಟು ಬೀಳುವುದು ಅದರ ಪ್ರಜೆಗಳಿಗೇ. ಆದ್ದರಿಂದ ಅಮೆರಿಕದ ಬೌದ್ಧಿಕ ಆಸ್ತಿಗೆ ತಾನು ನೀಡಬೇಕಾದ ರಕ್ಷಣೆಯನ್ನು ತನಗಾದ ನಷ್ಟದ ಮಟ್ಟಿಗೆ ಅಮಾನತಿನಲ್ಲಿಡಲು ಅನುಮತಿ ಕೊಡಿ ಎಂದು ಆಂಟಿಗುವಾ ಕೇಳಿತು. ಅದು ಕೇಳಿದ್ದು ವರ್ಷಕ್ಕೆ 344 ಕೋಟಿ ಡಾಲರ್. ಅಮೆರಿಕ ಒಪ್ಪಿದ್ದು 5 ಲಕ್ಷ ಡಾಲರ್. 2007ರ ಡಿಸೆಂಬರಿನಲ್ಲಿ ಸಂಘಟನೆಯ ಪಂಚಾಯಿತರು (ಮಧ್ಯಸ್ಥಗಾರರು) ನಿಗದಿ ಮಾಡಿದ್ದು 2 ಕೋಟಿ 10 ಲಕ್ಷ ಡಾಲರ್. ಅದಕ್ಕೆ ಔಪಚಾರಿಕ ಅನುಮತಿ ದೊರೆತದ್ದು 2013ರ ಜನವರಿಯಲ್ಲಿ. ಅಮೆರಿಕದ ಹಾಡು, ಸಿನಿಮಾ, ಸಾಫ್ಟ್‌ವೇರ್‌ಗಳನ್ನು ಗೌರವಧನ ಕೊಡದೆ ಮಾರುವ ಹಕ್ಕು ಕಾಗದದ ಮೇಲೆ ಆ ದೇಶಕ್ಕೆ ಸಿಕ್ಕಿತು. ಅದನ್ನು ಅದು ಬಳಸಲೇ ಇಲ್ಲ. ಬಲಾಢ್ಯ ನೆರೆಯವನೊಂದಿಗೆ ಬದುಕಬೇಕಾದ ಸಣ್ಣ ದೇಶಕ್ಕೆ ಆ ಧೈರ್ಯ ಸುಲಭವಲ್ಲ.

ಇದರ ಪಕ್ಕದಲ್ಲಿಯೇ ಬ್ರೆಜಿಲ್ ಪ್ರಕರಣವನ್ನು ಇಟ್ಟು ನೋಡಬೇಕು. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುತ್ತಿದ್ದ ಸಹಾಯಧನದ ವಿರುದ್ಧ ಬ್ರೆಜಿಲ್ ಗೆದ್ದಿತ್ತು, ಮತ್ತು ಅಮೆರಿಕ ತಿದ್ದಿಕೊಳ್ಳದಿದ್ದರೆ ಅದರ ಪೇಟೆಂಟ್, ಕೃತಿಸ್ವಾಮ್ಯಗಳ ಮೇಲೂ ಕ್ರಮ ಕೈಗೊಳ್ಳುವುದಾಗಿ ಹೇಳಿತ್ತು. 2010ರಲ್ಲಿ ಅಮೆರಿಕ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. ಹತ್ತಿ ಬೆಳೆಯುವ ಯಾದಗಿರಿ, ಕಲಬುರಗಿಯ ರೈತರಿಗೆ ಆ ಸಹಾಯಧನ ಜಗತ್ತಿನ ಹತ್ತಿ ಬೆಲೆಯನ್ನು ಹೇಗೆ ಕೆಳಗೆ ತಳ್ಳುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆಂಟಿಗುವಾ ಮತ್ತು ಬ್ರೆಜಿಲ್ ಎರಡಕ್ಕೂ ಸಿಕ್ಕಿದ್ದು ಒಂದೇ ಬಗೆಯ ಹಕ್ಕು, ಆದರೆ ಒಂದಕ್ಕೆ ಹಣ ಬಂತು, ಇನ್ನೊಂದಕ್ಕೆ ಬರಲಿಲ್ಲ. ಹಕ್ಕು ಪಡೆದವರ ಬೆನ್ನ ಹಿಂದೆ ಯಾರಿದ್ದಾರೆ ಎಂಬುದೇ ಇಲ್ಲಿ ನಿರ್ಣಾಯಕವಾಯಿತು.

ಜಾಗತಿಕ ಆನ್‌ಲೈನ್ ಮಾರುಕಟ್ಟೆಯಲ್ಲಿ ನಮ್ಮ ಕುಶಲಕರ್ಮಿಗಳ ಸ್ಥಿತಿ ಆಂಟಿಗುವಾಕ್ಕಿಂತಲೂ ದುರ್ಬಲವಾದದ್ದು. ಅವರ ಬೆನ್ನ ಹಿಂದೆ ನಿಲ್ಲಬೇಕಾದದ್ದು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು, ಮತ್ತು ಜಿಐ ನೋಂದಣಿಯ ಒಡೆತನವಿರುವ ಸಂಸ್ಥೆ.

ಅಂತರರಾಷ್ಟ್ರೀಯ ನಿಯಮದಲ್ಲಿಯೇ ಇರುವ ತಾರತಮ್ಯವನ್ನೂ ಇಲ್ಲಿ ಹೇಳಬೇಕು. 1995ರಿಂದ ಜಾರಿಯಲ್ಲಿರುವ, ವಿಶ್ವ ವ್ಯಾಪಾರ ಸಂಘಟನೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್‌ನ 22ನೆಯ ವಿಧಿ ಎಲ್ಲ ಭೌಗೋಳಿಕ ಸೂಚಕಗಳಿಗೂ ಅನ್ವಯಿಸುತ್ತದೆ, ಆದರೆ ಅದರಡಿ ಗ್ರಾಹಕರು ಮೋಸಹೋಗುತ್ತಾರೆ ಎಂಬುದನ್ನು ತೋರಿಸಿಕೊಡಬೇಕು. 23ನೆಯ ವಿಧಿಯ ಹೆಚ್ಚಿನ ರಕ್ಷಣೆ ವೈನ್ ಮತ್ತು ಇತರ ಮದ್ಯಗಳಿಗೆ ಮಾತ್ರ. ಅವುಗಳ ವಿಷಯದಲ್ಲಿ ನಿಜವಾದ ಮೂಲವನ್ನು ನಮೂದಿಸಿ ‘ಶೈಲಿ’, ‘ಬಗೆ’ ಎಂದು ಸೇರಿಸಿದರೂ ಆ ಹೆಸರು ಬಳಸುವಂತಿಲ್ಲ. ಅಂದರೆ ಫ್ರಾನ್ಸಿನ ಒಂದು ಊರಿನ ಮದ್ಯಕ್ಕೆ ಸಿಗುವ ರಕ್ಷಣೆ ಬೀದರಿನ ಲೋಹಕಲೆಗೂ ಇಲ್ಲ, 2019ರಲ್ಲಿ ಜಿಐ ಪಡೆದ ಕಲಬುರಗಿ ತೊಗರಿ ಬೇಳೆಗೂ ಇಲ್ಲ. ಆನ್‌ಲೈನ್ ಮಾರಾಟಗಾರರು ‘ಬಿದ್ರಿ ಶೈಲಿಯ’ ಎಂದು ಬರೆದು ತಪ್ಪಿಸಿಕೊಳ್ಳುವುದು ಈ ಬಿರುಕಿನಿಂದಲೇ. ಈ ರಕ್ಷಣೆಯನ್ನು ಎಲ್ಲ ವಸ್ತುಗಳಿಗೂ ವಿಸ್ತರಿಸಬೇಕೆಂದು ಭಾರತ ಬಹುಕಾಲದಿಂದ ವಾದಿಸುತ್ತಿದೆ. ಆದರೆ ಅಂಥ ರಕ್ಷಣೆಯನ್ನು ಅಧಿಸೂಚನೆಯ ಮೂಲಕ ದೇಶದೊಳಗೆ ಕೊಡಲು ನಮ್ಮ 1999ರ ಕಾಯ್ದೆಯ 22ನೆಯ ಕಲಮಿನಲ್ಲಿಯೇ ಕೇಂದ್ರಕ್ಕೆ ಅಧಿಕಾರವಿದೆ. ಬಿದ್ರಿಗೆ ಅದನ್ನು ಅನ್ವಯಿಸಲು ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.

ವಿಶ್ವ ವ್ಯಾಪಾರ ಸಂಘಟನೆಯ ಸುಮಾರು 80 ಸದಸ್ಯ ರಾಷ್ಟ್ರಗಳ ಗುಂಪು 2024ರ ಜುಲೈನಲ್ಲಿ ಇ-ವಾಣಿಜ್ಯ ಒಪ್ಪಂದದ ಪಠ್ಯವೊಂದನ್ನು ಹೊರತಂದಿತು. ಭಾರತ ಆ ಗುಂಪಿನ ಹೊರಗಿದೆ, ಮತ್ತು ನಮ್ಮ ನೀತಿ ರೂಪಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ದೃಷ್ಟಿಯಿಂದ ಅದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಉಳಿಸಿಕೊಂಡ ಸ್ವಾತಂತ್ರ್ಯವನ್ನು ಬಳಸಬೇಕು. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಸರಕು ಯಾವ ದೇಶದ್ದು ಎಂಬುದನ್ನು ತೋರಿಸುವಂತೆ ಹೇಳುತ್ತವೆ. ಜಿಐ ಹೆಸರು ಬಳಸಿ ಮಾರುವ ವಸ್ತುವಿನ ಪುಟದಲ್ಲಿ ತಯಾರಕರ ‘ಅಧಿಕೃತ ಬಳಕೆದಾರ’ (ಆ ಹೆಸರು ಬಳಸಲು ಜಿಐ ಕಚೇರಿಯಲ್ಲಿ ನೋಂದಾಯಿಸಿಕೊಂಡವರು) ನೋಂದಣಿ ಸಂಖ್ಯೆಯೂ ಇರಲೇಬೇಕು ಎಂಬ ಒಂದು ಸಾಲನ್ನು ಆ ನಿಯಮಗಳಿಗೆ ಸೇರಿಸಿದರೆ, ಸಂಖ್ಯೆ ಇಲ್ಲದವರ ಪುಟವನ್ನು ತಾಣದ ಕಂಪ್ಯೂಟರೇ ತಡೆಯಬಲ್ಲದು. ಆಹಾರದ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ; ಅಂಥದ್ದು ಅಸಾಧ್ಯವೆಂದು ಯಾವ ಕಂಪನಿಯೂ ಹೇಳಲಾರದು. ಪೆಸಿಫಿಕ್ ಸಾಗರದಲ್ಲಿ ಸುಮಾರು 11 ಸಾವಿರ ಜನರಿರುವ ಟುವಾಲು ದೇಶ ತನ್ನ ಪಾಲಿಗೆ ಬಂದ ‘.ಟಿವಿ’ ಎಂಬ ಇಂಟರ್ನೆಟ್ ವಿಳಾಸದ ತುದಿಯನ್ನು ಗುತ್ತಿಗೆಗೆ ಕೊಟ್ಟು ವರ್ಷ ವರ್ಷವೂ ಆದಾಯ ಪಡೆಯುತ್ತಿದೆ. ಅಷ್ಟು ಸಣ್ಣ ದೇಶಕ್ಕೆ ಅದು ಸಾಧ್ಯವಾದದ್ದು, ನೋಂದಣಿ ಇಲ್ಲದೆ ಆ ವಿಳಾಸವನ್ನು ಯಾರೂ ಬಳಸಲಾಗದ ವ್ಯವಸ್ಥೆ ಮೊದಲಿನಿಂದಲೇ ಇದ್ದುದರಿಂದ.

ಒಂದು ಆತಂಕವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಮ್ಮ ಕುಶಲಕರ್ಮಿಗಳು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಮೊದಲೇ ಈ ನಿಯಮ ಬಂದರೆ, ನಕಲಿಯವರ ಜೊತೆಗೆ ಅಸಲಿಯವರೂ ಮಾರುಕಟ್ಟೆಯಿಂದ ಹೊರಬೀಳುತ್ತಾರೆ. ನೋಂದಣಿಯ ಶುಲ್ಕವನ್ನು 2020ರ ತಿದ್ದುಪಡಿಯಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಹಣ ಈಗ ಅಡ್ಡಿಯಲ್ಲ. ಅಡ್ಡಿಯಾಗಿರುವುದು ಅರ್ಜಿ, ದಾಖಲೆ ಮತ್ತು ಚೆನ್ನೈನಲ್ಲಿರುವ ನೋಂದಣಿ ಕಚೇರಿಯೊಂದಿಗಿನ ಪತ್ರವ್ಯವಹಾರ. ಬಿದ್ರಿ ಕೆಲಸದಲ್ಲಿ ಎರಕ ಹೊಯ್ಯುವವರೊಬ್ಬರು, ಕೊರೆಯುವವರೊಬ್ಬರು, ಬೆಳ್ಳಿ ಕೂರಿಸುವವರೊಬ್ಬರು, ಮೆರುಗು ಕೊಡುವವರು ಇನ್ನೊಬ್ಬರು. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಅನೇಕ ಕಡೆ ಯಾವ ದಾಖಲೆಯೂ ಇರುವುದಿಲ್ಲ. ನೋಂದಣಿ ಅಂಗಡಿ ಇಟ್ಟವರಿಗೆ ಮಾತ್ರ ದಕ್ಕಿ, ಕೂಲಿಗೆ ಕೊರೆಯುವವರು ಹೊರಗುಳಿದರೆ ಈ ರಕ್ಷಣೆಯ ಉದ್ದೇಶವೇ ಕೆಡುತ್ತದೆ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು; ಹೆಸರು ಕೇಳಿಬರದ ಉಳಿದ ಕಸುಬುದಾರರಿಗೆ ಆ ಗೌರವದ ಒಂದು ಪಾಲು ನೋಂದಣಿ ಚೀಟಿಯ ರೂಪದಲ್ಲಾದರೂ ಸಲ್ಲಬೇಕು.

ಆದ್ದರಿಂದ ಜಿಲ್ಲಾಡಳಿತ ಮತ್ತು ಜಿಐ ಒಡೆತನವಿರುವ ಸಂಸ್ಥೆ ಸೇರಿ ಬೀದರಿನಲ್ಲಿಯೇ ನೋಂದಣಿ ಶಿಬಿರ ನಡೆಸಿ, ಕೊರೆಯುವವರಿಂದ ಮೆರುಗು ಕೊಡುವವರವರೆಗೆ ಎಲ್ಲರ ಅರ್ಜಿಗಳನ್ನು ತಾವೇ ತುಂಬಿಸಿ ಚೆನ್ನೈಗೆ ಕಳುಹಿಸಬೇಕು. ಆನ್‌ಲೈನ್ ನಕಲಿಯ ವಿರುದ್ಧ ಕುಶಲಕರ್ಮಿಯ ಪರವಾಗಿ ಸಂಸ್ಥೆಯ ಹೆಸರಿನಲ್ಲಿಯೇ ದೂರು ಕೊಡಲು ಒಬ್ಬ ಅಧಿಕಾರಿಯನ್ನು ಇಲ್ಲಿಗೆ ನೇಮಿಸಬೇಕು. ಇವೆರಡೂ ಆದ ಮೇಲೆ ಇ-ವಾಣಿಜ್ಯ ನಿಯಮಗಳ ತಿದ್ದುಪಡಿಗೂ 22ನೆಯ ಕಲಮಿನ ಅಧಿಸೂಚನೆಗೂ ಈ ಭಾಗದ ಸಂಸದರು ಪಕ್ಷಭೇದವಿಲ್ಲದೆ ಕೇಂದ್ರವನ್ನು ಒತ್ತಾಯಿಸಬೇಕು. ಮುಂದೆ ಯಾವುದೇ ದೇಶದೊಂದಿಗೆ ಡಿಜಿಟಲ್ ವ್ಯಾಪಾರದ ಅಧ್ಯಾಯಕ್ಕೆ ಸಹಿ ಹಾಕುವ ಮುನ್ನ, ಆ ದೇಶದ ಮಾರಾಟ ತಾಣಗಳಲ್ಲಿ ಭಾರತದ ಜಿಐ ಹೆಸರುಗಳ ಬಗ್ಗೆ ಬರುವ ದೂರನ್ನು ಎಷ್ಟು ದಿನಗಳಲ್ಲಿ ಇತ್ಯರ್ಥಪಡಿಸಬೇಕು ಎಂಬ ಷರತ್ತು ಅದರಲ್ಲಿದೆಯೇ ಎಂದು ಅವರು ಲೋಕಸಭೆಯಲ್ಲಿ ಕೇಳಬೇಕು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಬೀದರ್