ಲಾರಿ ಬಾಡಿಗೆ ಬಿಲ್ಲಿನಲ್ಲಿ ಇನ್ನು ಮುಂದೆ ಮೂರು ಸಾಲು

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ಬಿಲ್ಲಿನಲ್ಲಿ ಬಾಡಿಗೆ ಒಂದೇ ಮೊತ್ತವಾಗಿ ಇರುವುದಿಲ್ಲ. ಮೂಲ ಬಾಡಿಗೆ, ಡೀಸೆಲ್, ಟೋಲ್ ಎಂದು ಮೂರು ಸಾಲುಗಳಿರುತ್ತವೆ. ಮೂಲ ಬಾಡಿಗೆಯನ್ನು ಒಂದು ವರ್ಷದವರೆಗೆ ಮುಟ್ಟುವುದಿಲ್ಲ. ಉಳಿದೆರಡು ಸರ್ಕಾರದ ತೀರ್ಮಾನಗಳೊಂದಿಗೆ ಏರುತ್ತವೆ, ಇಳಿಯುತ್ತವೆ. ಏರಿದಾಗ ನಿಮ್ಮಿಂದ ಪಡೆಯುತ್ತೇವೆ, ಇಳಿದಾಗ ನಿಮಗೇ ಬಿಡುತ್ತೇವೆ.

ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನೇ ನೋಡಿ. 2021ರ ನವೆಂಬರ್‌ನಲ್ಲಿ ಅದನ್ನು ಶೇ 24ರಿಂದ ಶೇ 14.34ಕ್ಕೆ ಇಳಿಸಲಾಯಿತು. 2024ರ ಜೂನ್‌ನಲ್ಲಿ ಶೇ 18.44 ಆಯಿತು, 2025ರ ಏಪ್ರಿಲ್ 1ರಿಂದ ಶೇ 21.17. ಕೊನೆಯ ಏರಿಕೆಯಿಂದಲೇ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ನಾಲ್ಕು ಕಿಲೋಮೀಟರ್‌ಗೆ ಒಂದು ಲೀಟರ್ ಕುಡಿಯುವ ಲಾರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಲು ಸುಮಾರು ನೂರು ಲೀಟರ್ ಬೇಕು. ಅಂದರೆ ಒಂದು ದಾರಿಗೆ ಇನ್ನೂರು ರೂಪಾಯಿ ಹೆಚ್ಚು. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಈ ತೆರಿಗೆಯನ್ನು ನಾವಾಗಲಿ ನೀವಾಗಲಿ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂಪಡೆಯಲು ಬರುವುದಿಲ್ಲ. ಒಟ್ಟು ಮೊತ್ತದ ಬಿಲ್ಲಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ತನ್ನ ಸರಕಿನ ಮೇಲೆ ಬಿದ್ದ ತೆರಿಗೆ ಎಷ್ಟೆಂದು ತಿಳಿಯುವ ಹಕ್ಕು ಮೂಟೆ ಕಳಿಸುವ ರೈತನಿಗೂ ಇದೆ ಎಂಬುದು ನಮ್ಮ ಸಂಘದ ಗಟ್ಟಿ ನಿಲುವು.

ಕೇಂದ್ರದ ಪಾಲೂ ಇದೆ. ಡೀಸೆಲ್, ಪೆಟ್ರೋಲ್ ಮೇಲಿನ ಸೆಸ್ ರಸ್ತೆಗಳಿಗೇ ಸಲ್ಲಲಿ ಎಂದು 2000ರಲ್ಲಿ ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂತು. 2018ರಲ್ಲಿ ಅದು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಾಯಿತು. ಈಗ ಆ ಹಣ ರಸ್ತೆಯಲ್ಲದ ಕೆಲಸಗಳಿಗೂ ಹೋಗಬಹುದು. ರಸ್ತೆಗೆ ಹಣ ಕೊಡಲು ನಮ್ಮ ತಕರಾರಿಲ್ಲ. ಚತುಷ್ಪಥ ಬಂದ ಮೇಲೆ ಸರಕು ಬೇಗ ತಲುಪುತ್ತದೆ, ಟೈರು ಬಾಳುತ್ತದೆ. ಆದರೆ ಲೀಟರಿಗೊಮ್ಮೆ ಸೆಸ್ ಕಟ್ಟಿದ ಲಾರಿ ಅದೇ ಹೆದ್ದಾರಿಯಲ್ಲಿ ಮತ್ತೆ ಟೋಲ್ ಕಟ್ಟುವಾಗ, ಹಳ್ಳಿಯಿಂದ ಹೆದ್ದಾರಿಗೆ ಸೇರಿಸುವ ಜಿಲ್ಲಾ ರಸ್ತೆಗಳಿಗಾದರೂ ಆ ಹಣದಲ್ಲಿ ನ್ಯಾಯವಾದ ಪಾಲು ಸಿಗಬೇಕು. ಆಕ್ಸಲ್ ಮುರಿಯುವುದು ಹೆಚ್ಚಾಗಿ ಅಲ್ಲಿಯೇ.

ಟೋಲ್ ವಿಷಯದಲ್ಲಿ ನಿಮ್ಮ ಸಹಕಾರ ಬೇಕು. ರಾಷ್ಟ್ರೀಯ ಹೆದ್ದಾರಿ ಶುಲ್ಕವನ್ನು 2008ರ ನಿಯಮಗಳಂತೆ ಪ್ರತಿ ವರ್ಷ ಪರಿಷ್ಕರಿಸುತ್ತಾರೆ: ಶೇ 3ರ ಸ್ಥಿರ ಏರಿಕೆ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40. ಫಾಸ್ಟ್ಯಾಗ್‌ನಲ್ಲಿ ಕಡಿತವಾದಷ್ಟನ್ನೇ ಬಿಲ್ಲಿಗೆ ಹಾಕಿ, ಅದರ ವಿವರದ ಪ್ರತಿಯನ್ನೂ ಜೊತೆಗಿಡುತ್ತೇವೆ. ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ಯಾಕೆ ಮಾಡಿಸಬಾರದು ಎಂದು ಕೆಲವರು ಕೇಳಿದ್ದಾರೆ. ಅದು ವಾಣಿಜ್ಯೇತರ ಕಾರು, ಜೀಪು, ವ್ಯಾನುಗಳಿಗೆ ಮಾತ್ರ, ಲಾರಿಗೆ ಸಿಗುವುದಿಲ್ಲ. ಲಾರಿಗೆ ಸಿಗುವ ಇನ್ನೊಂದು ರಿಯಾಯಿತಿ ಇದೆ. ಅದೇ ಟೋಲ್ ಗೇಟನ್ನು 24 ಗಂಟೆಯೊಳಗೆ ಮರಳಿ ದಾಟಿದರೆ ಹೋಗಿ ಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಶುಲ್ಕ ಸಾಕು. ತಡವಾದರೆ ಎರಡು ಪಟ್ಟು. ಆದ್ದರಿಂದ ಸರಕು ಮುಟ್ಟುವ ಹೊತ್ತಿಗೆ ಹಮಾಲರನ್ನು ಸಿದ್ಧವಾಗಿಟ್ಟುಕೊಂಡು ಬೇಗ ಇಳಿಸಿಕೊಳ್ಳಿ. ವಾಪಸು ಬರುವ ಟೋಲನ್ನೂ ನೀವೇ ಕೊಡುವ ಬಾಡಿಗೆಗಳಲ್ಲಿ ಉಳಿದ ಹಣ ಪೂರ್ತಿ ನಿಮ್ಮದೇ.

ಡೀಸೆಲ್ ಸಾಲಿಗೆ ಲೋಡಾದ ದಿನದ ಬಂಕ್ ದರವನ್ನೇ ಹಿಡಿಯುತ್ತೇವೆ. ವಾರ್ಷಿಕ ಒಪ್ಪಂದ ಇರುವವರಿಗೆ ಅದರ ಅವಧಿ ಮುಗಿಯುವವರೆಗೆ ಹಳೆಯ ರೀತಿಯ ಬಿಲ್ಲೇ ನಡೆಯುತ್ತದೆ. ಮೊದಲೇ ಬದಲಿಸಿಕೊಳ್ಳಲು ಇಷ್ಟವಿದ್ದರೆ ಮುಂದಿನ ಲೋಡಿಗೆ ಮುಂಚೆ ಕಚೇರಿಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಲಾರಿ ಮಾಲೀಕರ ಸಹಕಾರ ಸಂಘ